ಒಬ್ಬನಿಗೆ ಒಂದೇ ಗುಂಡಿ

ಎರಡನೆಯ ಏಟಿಗೆ ಎತ್ತಿದ ಗುದ್ದಲಿ ಗಾಳಿಯಲ್ಲೇ ನಿಂತಿತು. ಹಿಂದಿನಿಂದ ಬಂದ ಮಂಗಮ್ಮ ಅದರ ಕಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಬುಡ್ಲಾ ಕದಿರಪ್ಪ. ಇದನ್ನ ಅಗೀಬ್ಯಾಡ.”

ಕದಿರಪ್ಪ ತಿರುಗಿ ನೋಡಿ ಗಾಬರಿಯಾದ. “ಅಯ್ಯೋ, ನೀನ್ಯಾಕಮ್ಮ ಇಲ್ಲಿಗ್ ಬಂದೆ? ಎಂಗಸ್ರು ಬರೋ ಜಾಗಾನಾ ಇದು? ಅಲ್ಲಿ ಎಣದ ತಾವ ಯಾರವ್ರೆ?”

“ಮುನಿಶಾಮಮ್ಮ ಕುಂತವ್ಳೆ. ನೀನು ಮೊದ್ಲು ಗುದ್ದಲಿ ಕೆಳಕ್ಕಾಕು.”

“ಊರ ಯಜಮಾನ್ರು ಏಳವ್ರೆ ಕಣಮ್ಮ. ಬಚ್ಚಪ್ಪನ ಗುಂಡಿ ಆಗ್ಲೇ ಐತೆ, ಅದ್ನೇ ಬಿಚ್ಚು ಅಂದ್ರು. ನಂದೇನೈತೆ ಇದ್ರಾಗೆ?”

ಕದಿರಪ್ಪ ಹೇಳಿದ್ದು ಸುಳ್ಳಲ್ಲ. ಅದು ಬಚ್ಚಪ್ಪನ ಗುಂಡಿಯೇ. ಮಂಗಮ್ಮನ ಗಂಡ ಬಚ್ಚಪ್ಪ ಸತ್ತದ್ದು ಈ ಹೊತ್ತು ಬೆಳಗಿನ ಜಾವ. ಅವನನ್ನು ಅಲ್ಲಿ ಹೂತದ್ದು ಆರು ವರ್ಷದ ಹಿಂದೆ.

ಕೇಳಿದವರಿಗೆ ತಮಾಷೆ ಅನ್ನಿಸಬಹುದು, ಊರಿಗೂ ಹಾಗೇ ಅನ್ನಿಸುತ್ತಿತ್ತು. ಬಚ್ಚಪ್ಪ ಚಿನ್ನದ ಗಣಿಯ ಕೂಲಿ ಬಿಟ್ಟು ಯುದ್ಧಕ್ಕೆ ಸೇರಿದವನು. ಸಿಂಗಪುರ ಜಪಾನಿನವರ ಕೈಗೆ ಬಿದ್ದ ವರ್ಷ, ಅವನ ಪತ್ತೆಯಿಲ್ಲ ಅಂತ ಬೆಂಗಳೂರಿನಿಂದ ತಂತಿ ಬಂತು. ಊರು ಒಂದು ವರ್ಷ ಕಾಯಿತು. ಬದುಕಿದ್ದರೆ ಒಂದು ಕಾಗದವಾದರೂ ಬರುತ್ತಿರಲಿಲ್ಲವೇ, ಸತ್ತಿದ್ದರೆ ಪ್ರೇತ ಅಲೆಯುವುದು ಬೇಡ ಎಂದು ಹಿರಿಯರು ಬಾದೆಹುಲ್ಲಿನ ಗೊಂಬೆ ಕಟ್ಟಿದರು. ಅದಕ್ಕೆ ಅವನ ನೀಲಿ ಅಂಗಿ ತೊಡಿಸಿ, ತಮಟೆ ಬಾರಿಸಿ, ಕಾಟಾಚಾರಕ್ಕಲ್ಲದೆ ಮನಸಾರೆ ಅತ್ತು, ಈ ಹೊಂಗೆ ಮರದ ಕೆಳಗೆ ಹೂತರು. ಹನ್ನೊಂದರ ದಿನ ಊಟವನ್ನೂ ಹಾಕಿದರು. ಆ ಊಟ ಉಂಡು ಕೈ ತೊಳೆದವರೆಲ್ಲ, ಎರಡೂವರೆ ವರ್ಷದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡು ಬಂದ ಬಚ್ಚಪ್ಪನನ್ನು ಕಂಡು ಬಾಗಿಲು ಹಾಕಿಕೊಂಡರು.

ಈಗ ಆ ಗುಂಡಿಯೊಳಗೆ ಯಾರಿದ್ದಾರೆ ಅನ್ನುವುದು ಊರಲ್ಲಿ ಮಂಗಮ್ಮನೊಬ್ಬಳಿಗೇ ಗೊತ್ತು. ಹೇಳಿದರೆ ಕೆಟ್ಟಿತು. ಹೇಳದಿದ್ದರೆ ಗಂಡನನ್ನು ಅದರೊಳಕ್ಕೇ ಇಳಿಸುತ್ತಾರೆ, ಅವಳು ಅವನಿಗೆ ಕೊಟ್ಟ ಮಾತೂ ಅಲ್ಲೇ ಮಣ್ಣಾಗುತ್ತದೆ. ಅಡಕತ್ತರಿಗೆ ಸಿಕ್ಕ ಅಡಕೆಯ ಹಾಗಾಗಿತ್ತು ಅವಳ ಪಾಡು.

“ಯಜಮಾನ್ರ ತಾವ ನಾನ್ ಮಾತಾಡ್ತೀನಿ. ಅಲ್ಲೀಗಂಟ ಮುಟ್ಬ್ಯಾಡ,” ಅಂದಳು.

ಕದಿರಪ್ಪ ಗುದ್ದಲಿ ಇಳಿಸಿ, “ಬಿಸ್ಲು ಏರ್ತಾ ಐತೆ ಕಣಮ್ಮ, ಬಿರ್ನೆ ಆಗ್ಲಿ,” ಎಂದು ಕಿವಿಯ ಮೇಲಿನ ಬೀಡಿ ತೆಗೆದ. ದೂರದಲ್ಲಿ ಉರಿಗಾಂ ಕಡೆಯ ಗಣಿಮಣ್ಣಿನ ಗುಡ್ಡ ಬೆಳ್ಳಗೆ ಕಾಣುತ್ತಿತ್ತು. ಮಂಗಮ್ಮ ಒಂದು ಏಟಿಗೆ ಎದ್ದ ಮಣ್ಣನ್ನು ಕಾಲಿನಿಂದ ಒತ್ತಿ ಸರಿಮಾಡಿ ಮನೆಯ ಕಡೆ ನಡೆದಳು.

*

ಮನೆಯ ಮುಂದೆ ಎರಡು ಬಿದಿರು ಅಡ್ಡ ಮಲಗಿಸಿ ಚಟ್ಟ ಕಟ್ಟುತ್ತಿದ್ದರು. ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿಟ್ಟಿತ್ತು. ಜಪಾನಿನವರ ಸೆರೆಯಿಂದ ಬಂದಾಗಲೂ ಬಚ್ಚಪ್ಪನ ಮೈಯಲ್ಲಿ ಮಾಂಸವಿರಲಿಲ್ಲ, ಆಮೇಲೆ ಎದೆಯ ಕೆಮ್ಮು ಇದ್ದಷ್ಟನ್ನೂ ತಿಂದಿತ್ತು. ಹೊದಿಸಿದ ಪಂಚೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಅನ್ನಿಸುತ್ತಿತ್ತು.

ಜಗಲಿಯ ಮೇಲೆ ಕೂತವರಿಗೆ ಮಾತಿಗೆ ಬರವಿರಲಿಲ್ಲ. ಸತ್ತವನ ಸುದ್ದಿಯೇ ಹಾಗಿತ್ತು.

ಉರಿಗಾಂ ಗಣಿಯಿಂದ ಬೆಳಗಿನ ರೈಲಿಗೆ ಬಂದ ಆರುಮುಗಂ ಕಂಬಕ್ಕೆ ಒರಗಿ ಕೂತಿದ್ದ. ಭಾರಿ ಆಳು. ಸೆರೆಯಿಂದ ಬಂದ ಮೇಲೆ ಬಚ್ಚಪ್ಪನಿಗೆ ಗಣಿಯೊಳಕ್ಕೆ ಇಳಿಯುವ ಶಕ್ತಿಯಿರಲಿಲ್ಲವಾಗಿ ಅವನನ್ನು ಲ್ಯಾಂಪ್ ರೂಮಿಗೆ ಹಾಕಿದ್ದರು. ಇಳಿಯುವ ಆಳುಗಳಿಗೆ ದೀಪ ಕೊಡುವುದು, ಬಂದಾಗ ತೆಗೆದುಕೊಳ್ಳುವುದು. ಆರುಮುಗಂ ಅಲ್ಲಿ ಅವನ ಜೊತೆಗಾರ.

“ಅಣ್ಣನ್ ಕೈಲಿ ಲ್ಯಾಂಪ್ ಸುಮ್ನೆ ಸಿಕ್ತಾ ಇರ್ಲಿಲ್ಲ ಸಾಮಿ,” ಅಂದ ಆರುಮುಗಂ. “‘ನೀನು ತಣ್ಣಿ ಅಂತೀಯ, ನಾನು ನೀರು ಅಂತೀನಿ, ಕೊರಿಯಾದೋನು ಮುಲ್ ಅಂತಾನೆ, ಕಾಶ್ಮೀರದೋನು ತ್ರೇಶ್ ಅಂತಾನೆ. ಈಗ ಹೇಳು, ಯಾವ್ದು ಕೇಳಿದ್ರೆ ಬಾಯಿ ಜಾಸ್ತಿ ಒಣಗ್ತದೆ?’ ಅಂತ ಕೇಳೋದು. ಹಿಂದ್ಗಡೆ ಶಿಫ್ಟು ಆಳು ಎಲ್ಲಾ ನಿಂತ್ಕೊಂಡು ಬೈತಾ ಇರ್ತಾರೆ.”

“ನಮ್ಗೂ ತಪ್ಪಿದ್ದಾ ಅದು?” ಅಂದ ಬಚ್ಚಪ್ಪನ ದಾಯಾದಿ ಸೀನಪ್ಪ. “ದನ ಮಾರಾಕೆ ಸಂತೆಗ್ ಓದ್ರೆ ಅಲ್ಲೂ ಅದೇ. ಕಾಶ್ಮೀರದೋನ ಮಾತು ಚಳಿಗೆ ಬಾಯಿ ಅರ್ಧ ಮುಚ್ಕಂಡು ಆಡಿದಂಗಿರ್ತದಂತೆ. ಕೊರಿಯಾದೋನು ಎಲ್ರುನೂ ಕೂಗಿ ಕರದಂಗೆ ಮಾತಾಡ್ತಾನಂತೆ. ಎತ್ತು ಕೊಳ್ಳಾಕ್ ಬಂದೋನು, ಇದೇನಪ್ಪ ಇವ್ನಿಗೆ ಗಾಳಿ ಸೋಕೈತಾ ಅಂತ ಎದ್ದೋದ. ಸೆರೇಲಿ ತಲೆ ಕೆಟ್ಟಿತ್ತು ಕಣ್ಲಾ, ಇನ್ನೇನು.”

“ಪಾಪ, ಒಳ್ಳೇ ಮನ್ಸ,” ಅಂದರು ಯಾರೋ.

“ಒಳ್ಳೇವ್ನೇ. ಇಲ್ಲ ಅಂದೋರ್ಯಾರು?”

ಮಂಗಮ್ಮ ಒಳಗೆ ಹೋಗಿ ಗಂಡನ ಕಾಲ ಬಳಿ ಕೂತಳು. ಅವಳಿಗೆ ಸೀನಪ್ಪನ ಮೇಲೆ ಸಿಟ್ಟು ಬರಲಿಲ್ಲ. ಮೊದಮೊದಲು ತಲೆ ಕೆಟ್ಟಿದೆ ಅಂತ ಅವಳೂ ಅಂದುಕೊಂಡವಳೇ.

*

ಅವನು ತಿರುಗಿ ಬಂದದ್ದು ಅವರೆಕಾಯಿ ಕಾಲದಲ್ಲಿ. ಮಂಗಮ್ಮ ನೆನೆಸಿದ ಕಾಳು ಇದುಕಿ ಸಿಪ್ಪೆ ಬಿಡಿಸುತ್ತಾ ಕೂತಿದ್ದರೆ ಅವನೂ ಎದುರು ಕೂತು ಇದುಕುತ್ತಿದ್ದ. ಕೈ ಆಡುವಾಗ ಮಾತ್ರ ಅವನು ಬಾಯಿ ಬಿಡುತ್ತಿದ್ದ. ಸೆರೆಯ ಕತೆಯನ್ನೆಲ್ಲ ಅವಳು ಕೇಳಿದ್ದು ಅವರೆಬೇಳೆಯ ಮುಂದೆಯೇ.

ಯಾವುದೋ ದ್ವೀಪ. ಅಲ್ಲಿ ಸೆರೆಯಾಳುಗಳು ಗೆಣಸು ಬೆಳೆಯುವ ಒಂದು ತುಂಡು ಹೊಲ. ಆ ಹೊಲಕ್ಕೆ ಹಾಕಿದ್ದು ಇಬ್ಬರನ್ನು: ಬಚ್ಚಪ್ಪ, ಮತ್ತೆ ಅಹದ ಅಂತ ಒಬ್ಬ ಕಾಶ್ಮೀರದವನು. ದಂಡಿನಲ್ಲಿ ಹೇಸರಗತ್ತೆ ಹೊಡೆಯುತ್ತಿದ್ದವನು. ಕಾವಲಿಗೆ ಪಾಕ್ ಅನ್ನುವ ಹುಡುಗ, ಜಪಾನಿನವರ ಕೈಕೆಳಗಿನ ಕೊರಿಯಾದವನು.

“ಇಬ್ರುಗೂ ಒಂದೇ ಕಾಯ್ಲೆ ಮಂಗಿ,” ಅನ್ನುತ್ತಿದ್ದ ಬಚ್ಚಪ್ಪ. “ಅಹದನ ಮಾತು ಆ ಸೆರೇಲಿ ಇನ್ನೊಬ್ರಿಗೆ ಬರ್ತಿರ್ಲಿಲ್ಲ. ಪಾಕ್‌ಗೆ ಅವನ ಮಾತು ಆಡಂಗೇ ಇರ್ಲಿಲ್ಲ. ಆಡಿದ್ ಕೇಳಿಸ್ಕಂಡ್ರೆ ಮೇಲ್ನೋರು ಕೆನ್ನೆಗ್ ಬಾರ್ಸೋರು. ಅವನ ಎಸ್ರುನೂ ಕಿತ್ಕಂಡು ಜಪಾನಿನ ಎಸ್ರು ಇಕ್ಕಿದ್ರು. ಇಬ್ರೂ ಮಾತು ನುಂಗಿ ನುಂಗಿ ಒಟ್ಟೆ ಉಬ್ಬರ್ಸಿ ಓಗಿದ್ರು ಅನ್ನು.”

ಬಚ್ಚಪ್ಪ ಕಿವಿ ಕೊಟ್ಟ. ಮನೆಯಲ್ಲಿ ಕನ್ನಡ, ಅತ್ತೆಮನೆಯ ಕಡೆ ತೆಲುಗು, ಗಣಿಯಲ್ಲಿ ತಮಿಳು, ದಂಡಿನಲ್ಲಿ ಹಿಂದೂಸ್ತಾನಿ. ನಾಲ್ಕು ಹೊತ್ತವನಿಗೆ ಇನ್ನೆರಡು ಭಾರವೇ? ಬೆಳಗ್ಗೆ ಅಹದನ ಹತ್ತಿರ ಒಂದು ಮಾತು ಕಲಿಯುವುದು, ಮಧ್ಯಾಹ್ನ ಅದನ್ನೇ ಪಾಕ್‌ನ ಹತ್ತಿರ ಕೇಳುವುದು, ಎರಡನ್ನೂ ಗೆಣಸಿನ ಬಳ್ಳಿಯ ನಡುವೆ ಕೂತು ತೂಗುವುದು. ಮೊದಲು ಪಾಕ್‌ಗೂ ಅಹದನಿಗೂ ಹಾವು ಮುಂಗುಸಿ. ಪಾಕ್ ಒಂದು ಸಲ ಅವನಿಗೆ ಬಂದೂಕಿನ ಹಿಂಬದಿಯಲ್ಲಿ ಹೊಡೆದಿದ್ದ. ಬರಬರುತ್ತಾ ಪಾಕ್ ತಾನಾಗಿಯೇ ಕೇಳತೊಡಗಿದ: ‘ಇದಕ್ಕೆ ಅವನು ಏನಂತಾನೆ?’ ಅಹದನೂ ಕೇಳತೊಡಗಿದ: ‘ಆ ಹಾಳಾದವನು ಏನಂತಾನೆ?’

“ಕೊರಿಯಾದೋನು ಅಪ್ಪನ್ನ ಅಪ್ಪಾ ಅಂತ್ಲೇ ಕರೀತಾನೆ,” ಅಂದಾಗ ಮಂಗಮ್ಮನ ಕೈಯಿಂದ ಬೇಳೆ ಜಾರಿತ್ತು.

“ಅಂಗಾದ್ರೆ ಅವ್ರು ನಮ್ಮೋರೇನಾ?”

“ನಂಗೂ ಅಂಗೇ ಅನ್ನಿಸ್ತು. ಕಾಶ್ಮೀರ ನಮ್ ದೇಶದ್ದೇ, ಆದ್ರೆ ಅಹದ ಅಪ್ಪನ್ನ ಮೋಲ್ ಅಂತಾನೆ, ಅವ್ವನ್ನ ಮೋಜ್ ಅಂತಾನೆ. ಸರಿ ಅಂದ್ಕಂಡು ಅನ್ನಕ್ ಬಂದ್ರೆ ಪಾಕ್ ಪಾಪ್ ಅಂತಾನೆ, ಅಹದ ಬತ ಅಂತಾನೆ. ಬತ, ಬತ್ತ, ಎಷ್ಟ್ ಅತ್ರ ನೋಡು! ಪಾಕ್ ನಮ್ಮಂಗೇ ‘ನಾನು ಅನ್ನ ಉಂಡೆ’ ಅಂತ ನಿಧಾನಕ್ಕೆ ಏಳ್ತಾನೆ, ಉಂಡಿದ್ದು ಕೊನೇಗೆ ಬರ್ತದೆ. ಅಹದಂಗೆ ತಡಿಯಾಕಾಗಲ್ಲ, ‘ನಾನು ಉಂಡೆ ಅನ್ನ’ ಅಂತಾನೆ. ಯಾರು ಅತ್ರ ಯಾರು ದೂರ ಅಂತ ತೂಗಿ ತೂಗಿ ನಂಗೆ ಕೊನೇಗೂ ಗೊತ್ತಾಗ್ಲಿಲ್ಲ ಕಣೆ. ಒಂದ್ ಮಾತ್ರ ನಿಜ. ಎದ್ರಿಗ್ ಸಿಕ್ಕಿದ್ರೆ ಇಬ್ರೂ ಮೊದ್ಲು ಕೇಳೋದು ಅನ್ನ ಆಯ್ತಾ ಅಂತ. ಅನ್ನ ಇಲ್ದಿದ್ ಜಾಗದಾಗೆ ಕೇಳೋರು.”

ಒಂದು ದಿನ ಪಾಕ್ ಕಾವಲಿಗೆ ಬರಲಿಲ್ಲ. ಅವನ ಮಾತು ಯಾರ ಕಿವಿಗೆ ಬಿತ್ತೋ, ಅವನ ಮೇಲಿನವರೇ ಎಳೆದುಕೊಂಡು ಹೋದರಂತೆ. ಆಮೇಲೆ ಭೇದಿ ಹತ್ತಿ ಅಹದ ಮಲಗಿದ. ತನ್ನೂರಲ್ಲಿ ಸತ್ತವರ ಗೋರಿಯ ಮೇಲೆ ನೀಲಿ ಹೂವಿನ ಗಿಡ ನೆಡುತ್ತಾರೆ, ನಮ್ಮವ್ವ ಎಲ್ಲಿ ನೆಡುತ್ತಾಳೆ, ಅಂತ ಅದೊಂದೇ ಹಲುಬು. ಅವನನ್ನು ಇನ್ನೂ ಒಂಬತ್ತು ಹೆಣದ ಜೊತೆ ಒಂದೇ ಗುಂಡಿಗೆ ತಳ್ಳಿದರು. ವಾರದ ಮೇಲೆ ಅದರ ಮೇಲೆ ಕಲ್ಲು ಸುರಿದು, ವಿಮಾನ ಇಳಿಯುವುದಕ್ಕೆ ನೆಲ ಮಟ್ಟ ಮಾಡಿದರು. ಮಟ್ಟ ಮಾಡಿದವರಲ್ಲಿ ಬಚ್ಚಪ್ಪನೂ ಒಬ್ಬ.

ಇಷ್ಟು ಹೇಳಿದ ದಿನ ಸಂಜೆಯ ಬಿಸಿಲಿನಲ್ಲಿ ಅವನು ಮಂಗಮ್ಮನನ್ನು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋದ. ತನ್ನ ಗುಂಡಿಯನ್ನು ಮೆಟ್ಟದೆ ಸುತ್ತು ಬಂದು ಪಕ್ಕದಲ್ಲಿ ಕೂತ.

“ಇದು ಅಹದಂದು ಮಂಗಿ. ನಾನ್ ಕೊಟ್ಬುಟ್ಟೆ. ಎಣ ಇಲ್ದಿರೋ ಗುಂಡಿ ಇಲ್ಲೈತೆ, ಗುಂಡಿ ಇಲ್ದಿರೋ ಎಣ ಅಲ್ಲೈತೆ.”

“ಊರೋರು ಸುಮ್ಕಿರ್ತಾರಾ? ಅವ್ನು ನಮ್ ದೇವ್ರೋನೂ ಅಲ್ಲ.”

“ಊರಿಗ್ಯಾಕ್ ಏಳ್ಬೇಕು? ನಿಂಗ್ ಏಳಿದ್ನಲ್ಲ, ಸಾಕು.”

ಎರಡೂವರೆ ವರ್ಷ ಆ ಮಣ್ಣಿನ ಮೇಲೆ ಬಿದ್ದು ಅತ್ತವಳು ಮಂಗಮ್ಮ. ಹೆಂಗಸರು ಬರಬಾರದು ಅಂದರೂ ಯಾರಿಗೂ ಕಾಣದ ಹಾಗೆ ಬಂದು ಅತ್ತಿದ್ದಳು. ಗಂಡ ಬದುಕಿ ಬಂದಾಗ ಸಂತೋಷದ ಜೊತೆಗೆ, ಅಷ್ಟು ಅತ್ತದ್ದು ಒಂದು ಅಂಗಿಗೆ ಅಂತ ನಾಚಿಕೆಯೂ ಆಗಿತ್ತು. ಅದನ್ನು ಅವನಿಗೆ ಹೇಳಿದಳು.

“ದಂಡ ಆಗ್ಲಿಲ್ಲ ಬುಡು,” ಅಂದ ಬಚ್ಚಪ್ಪ. “ಅವ್ನಿಗೆ ಅಳೋರು ಒಬ್ರೂ ಇರ್ಲಿಲ್ಲ. ನೀನತ್ತಿದ್ದು ಅವ್ನಿಗೆ ಸೇರ್ತು.” ಏಳುವ ಮುಂಚೆ ಮತ್ತೆ ಅಂದ: “ನಾನ್ ಸತ್ತಾಗ ಇದ್ರಾಗ್ ಮಾತ್ರ ಇಳಿಸ್ಬ್ಯಾಡ. ಅಲ್ಲಿ ಅವನ ಮ್ಯಾಲೆ ಒಂಬತ್ ಜನ ಬಿದ್ದವ್ರೆ. ಇಲ್ಲಾದ್ರೂ ಒಬ್ನೇ ಇರ್ಲಿ.”

ಅವಳು ಹೂಂ ಅಂದಳು. ಆಮೇಲೆ ಸಂಬಳ ಬಂದ ಪ್ರತಿ ಭಾನುವಾರ ಅವನು ಅಲ್ಲಿಗೆ ಹೋಗಿ ಕೂತು, ‘ಬತ ಖ್ಯೋಥಾ’ ಅನ್ನುತ್ತಿದ್ದ. ಅನ್ನ ಉಂಡ್ಯಾ ಅಂತ. ದನ ಕಾಯುವವರು ಕೇಳಿ ನಗುತ್ತಿದ್ದರು. ತನ್ನ ಗುಂಡಿಯ ಜೊತೆ ತಾನೇ ಮಾತಾಡುವವನನ್ನು ಕಂಡು ನಗದವರು ಯಾರು?

*

ಯಜಮಾನ ದೊಡ್ಡವೆಂಕಟಪ್ಪ ಬಂದಾಗ ಜಗಲಿಯ ಮೇಲಿನವರೆಲ್ಲ ಎದ್ದರು. ಎಪ್ಪತ್ತು ದಾಟಿದ ಮುದುಕ. ಕೆಟ್ಟವನಲ್ಲ, ಆದರೆ ಕಟ್ಟಳೆ ಅಂದರೆ ಕಟ್ಟಳೆ. ತನ್ನ ಮಗಳ ಮದುವೆಯಲ್ಲೇ ಶಾಸ್ತ್ರ ಒಂದು ತಪ್ಪಿತೆಂದು ಚಪ್ಪರ ಬಿಚ್ಚಿಸಿ ಮತ್ತೆ ಹಾಕಿಸಿದವನು.

“ಗುದ್ದಲಿ ತಡದ್ಯಂತೆ?” ಅಂದ ಕೂರುತ್ತಾ.

ಮಂಗಮ್ಮ ಬಾಗಿಲಿಗೆ ಬಂದು ನಿಂತಳು. “ಊಂ ಮಾವ. ಬ್ಯಾರೆ ಗುಂಡಿ ತೋಡ್ಸಿ. ಅದ್ರ ಪಕ್ಕದಾಗೇ ಆದ್ರೂ ಸರಿ.”

“ಯಾಕೆ?”

“ಅದನ್ನ ಬಿಚ್ಬಾರ್ದು.”

“ಬಿಚ್ಬಾರ್ದು ಅಂದ್ರೆ ಕಾರಣ ಬ್ಯಾಡ್ವಾ? ಒಬ್ಬನಿಗೆ ಒಂದೇ ಗುಂಡಿ ಕಣಮ್ಮ. ಎರಡು ತೋಡಿದ್ರೆ ಒಂದು ಖಾಲಿ ಬೀಳ್ತದೆ. ಖಾಲಿ ಬಿದ್ದಿದ್ದು ಸುಮ್ಕಿರಾಕಿಲ್ಲ, ಊರಾಗೆ ಇನ್ನೊಬ್ರನ್ನ ಕೇಳ್ತದೆ.”

ಖಾಲಿಯಿಲ್ಲ ಮಾವ, ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಬಿಸಿ ತುಪ್ಪ; ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೊರಗಿನವನು, ಬೇರೆ ದೇವರವನು ನಮ್ಮ ಹಿರಿಯರ ಪಕ್ಕ ಇದ್ದಾನೆ ಅಂದರೆ ಇವತ್ತೇ ಅದನ್ನು ಬಗೆದು ಹುಲ್ಲು ಅಂಗಿ ಎಲ್ಲವನ್ನೂ ಆಚೆಗೆ ಎಸೆಯುತ್ತಾರೆ.

“ಮಕ್ಳು ಮರಿ ಇರೋರು ನಾವು,” ಅಂದ ಸೀನಪ್ಪ. “ಎರಡ್ನೇ ಗುಂಡಿ ತೋಡೋದಾದ್ರೆ ನಾವ್ಯಾರೂ ಹೆಗಲು ಕೊಡಾಕಿಲ್ಲ. ಆಮೇಲೆ ಅನ್ಬ್ಯಾಡ.”

“ಬಿಸ್ಲು ನೆತ್ತಿಗ್ ಬಂತು. ಕದಿರಪ್ಪಂಗೆ ಏಳ್ಕಳ್ಸಿ,” ಅಂದ ದೊಡ್ಡವೆಂಕಟಪ್ಪ.

ಮಂಗಮ್ಮ ಆ ಮುದುಕನ ಮುಖವನ್ನೇ ನೋಡಿದಳು. ಆ ಮುಖವನ್ನು ಅಷ್ಟು ಹತ್ತಿರದಿಂದ ಅವಳು ಹಿಂದೆ ಒಮ್ಮೆ ಮಾತ್ರ ನೋಡಿದ್ದಳು.

*

ಬಚ್ಚಪ್ಪ ತಿರುಗಿ ಬಂದ ದಿನ ಅವನನ್ನು ಊರೊಳಕ್ಕೆ ಬಿಡಲಿಲ್ಲ. ತಿಥಿಯಾದವನು ಮನುಷ್ಯನೋ ಪ್ರೇತವೋ ತೀರ್ಮಾನವಾಗುವ ತನಕ ಕೆರೆಯ ಕಟ್ಟೆಯ ಮೇಲೆ ಕೂರಿಸಿದರು. ಮಂಗಮ್ಮ ಅಲ್ಲಿಗೇ ಮುದ್ದೆ ಒಯ್ದಳು. ಅವನು ಉಂಡ, ಪ್ರೇತ ಮುದ್ದೆ ನುಂಗುವುದಿಲ್ಲ ಅಂತ ಊರಿಗೆ ಅರ್ಧ ಧೈರ್ಯ ಬಂತು.

ಉಳಿದರ್ಧಕ್ಕೆ ದಾರಿ ಹೇಳಿದವನು ದೊಡ್ಡವೆಂಕಟಪ್ಪ. ತಿಥಿಯಾದ ಹೆಸರನ್ನ ತಿರುಗಿ ತರೋಕಾಗಲ್ಲ. ಅದು ಹೋಯ್ತು. ಈ ಮೈಯನ್ನ ಮತ್ತೆ ಹುಟ್ಟಿಸಬೇಕು.

ಹುಟ್ಟಿಸಿದರು. ರಾಗಿಯ ಹೊಟ್ಟಿನ ರಾಶಿಯಲ್ಲಿ ಬಚ್ಚಪ್ಪನನ್ನು ಮೊಣಕಾಲು ಮಡಿಸಿ ಮಲಗಿಸಿ, ಮೇಲೆ ಸೀರೆ ಮುಚ್ಚಿ, ಮುನಿಶಾಮಮ್ಮ ಸೂಲಗಿತ್ತಿಯ ಹಾಗೆ ತಲೆ ಹಿಡಿದು ಈಚೆಗೆ ಎಳೆದಳು. ಮೂಗಿಗೆ ಹೊಟ್ಟು ಹೋಗಿ ಅವನು ಸೀನಿದ. ಅಳಬೇಕು ಕಣ್ಲಾ, ಸೀನೋದಲ್ಲ, ಅಂತ ಯಾರೋ ಅಂದರು. ಅದನ್ನು ಕೇಳಿ ಅವನು ನಿಜವಾಗಿಯೂ ಅತ್ತುಬಿಟ್ಟ. ಎಣ್ಣೆ ನೀರು ಹಾಕಿ, ನಾಲಿಗೆಗೆ ಜೇನು ಸವರಿ, ತೊಟ್ಟಿಲಲ್ಲಿ ಹಿಡಿಸದಿದ್ದಕ್ಕೆ ಒಂದು ಕಾಲನ್ನು ಮಾತ್ರ ತೊಟ್ಟಿಲಿಗೆ ಇಡಿಸಿದರು. ದೊಡ್ಡವೆಂಕಟಪ್ಪ ಬಗ್ಗಿ ಅವನ ಕಿವಿಯಲ್ಲಿ ಮೂರು ಸಲ ಹೊಸ ಹೆಸರು ಹೇಳಿದ. ಮಂಗಮ್ಮನ ಕೈಗೆ ಮತ್ತೆ ಬಳೆ ತೊಡಿಸಿದರು. ತಾಳಿಯ ಮಾತು ಬಂದಾಗ ಮಾತ್ರ ಹಿರಿಯರು ಮುಖ ಮುಖ ನೋಡಿಕೊಂಡರು. ಈಗ ತಾನೇ ಹುಟ್ಟಿದ ಕೂಸಿನ ಕೈಯಲ್ಲಿ ತಾಳಿ ಕಟ್ಟಿಸುವ ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮಂಗಮ್ಮ ರಾಗಿಯ ಗುಡಾಣದಲ್ಲಿ ಬಚ್ಚಿಟ್ಟಿದ್ದ ಹಳೆಯ ತಾಳಿಯನ್ನು ತೆಗೆದು ತಾನೇ ಕಟ್ಟಿಕೊಂಡಳು.

ಹೊಸ ಹೆಸರನ್ನು ಮಾರನೆಯ ದಿನಕ್ಕೇ ಊರು ಮರೆಯಿತು. ಬಚ್ಚಪ್ಪ ಬಚ್ಚಪ್ಪನಾಗಿಯೇ ಉಳಿದ.

*

“ಮಾವ,” ಅಂದಳು ಮಂಗಮ್ಮ. “ಅವತ್ತು ಇವ್ರ ಕಿವಿಯಾಗೆ ಎಸ್ರು ಏಳಿದ್ದು ನೀವೇ ಅಲ್ವಾ?”

ದೊಡ್ಡವೆಂಕಟಪ್ಪ ತಲೆ ಎತ್ತಿದ. “ಊಂ. ನಾನೇ.”

“ಏನಂತ?”

ಮುದುಕ ನೆನಪು ಮಾಡಿಕೊಂಡ. “ಮುನಿನಾರಾಯಣಪ್ಪ ಅಂತ.”

“ಬಚ್ಚಪ್ಪ ಸತ್ತಿದ್ದು ಆರು ವರ್ಷದ ಕೆಳಗೆ. ಅವನ ತಿಥಿ ಆಯ್ತು, ನೀವೆಲ್ಲಾ ಉಂಡ್ರಿ. ಅವನ ಗುಂಡಿ ಅವನಿಗೈತೆ. ಈವತ್ತು ಸತ್ತಿರೋನು ಮುನಿನಾರಾಯಣಪ್ಪ. ಅವನಿಗೆ ಗುಂಡಿ ಎಲ್ಲೈತೆ ಮಾವ? ತೋರ್ಸಿ.”

ಚಟ್ಟ ಕಟ್ಟುತ್ತಿದ್ದವನು ಹುರಿ ಹಿಡಿದುಕೊಂಡೇ ನೋಡಿದ. ಸೀನಪ್ಪ, “ಇದೊಳ್ಳೆ ಮಾತಾಯ್ತು!” ಅನ್ನುವಷ್ಟರಲ್ಲಿ ಯಜಮಾನ ಕೈ ಎತ್ತಿ ಸುಮ್ಮನಿರಿಸಿದ. ಅವನ ಕಟ್ಟಳೆಯನ್ನು ಅವನ ಮುಂದೆಯೇ ಹಾಸಿದ್ದಳು. ಇಲ್ಲ ಅನ್ನುವ ಹಾಗಿಲ್ಲ. ಆದರೆ ಮುದುಕನೂ ಕಡಮೆಯವನಲ್ಲ.

“ಸರಿ. ಒಪ್ದೆ. ಈ ಮುನಿನಾರಾಯಣಪ್ಪಂಗೆ ಎಷ್ಟು ವಯಸ್ಸು?”

ಮಂಗಮ್ಮನಿಗೆ ಅವನು ಎಲ್ಲಿಗೆ ಹೋಗುತ್ತಿದ್ದಾನೆ ಅಂತ ತಕ್ಷಣ ಹೊಳೆಯಲಿಲ್ಲ. “ಮೂರು ತುಂಬಿತ್ತು,” ಅಂದಳು.

“ಐದು ತುಂಬ್ದಿರೋ ಕೂಸಿಗೆ ಚಟ್ಟ ಕಟ್ತಾರಾ?”

“ಇಲ್ಲ.”

“ತಮಟೆ?”

“ಇಲ್ಲ ಮಾವ.”

“ತಿಥಿ ಇಲ್ಲ, ಹನ್ನೊಂದಿಲ್ಲ, ತಲೇತಾವ ಕಲ್ಲು ನೆಡೋದಿಲ್ಲ. ಕೈಯಾಗೆ ಎತ್ಕಂಡೋಗಿ ಇಟ್ಟು ಬರ್ತಾರೆ, ಅಷ್ಟೆ. ಇನ್ನೊಂದೈತೆ.” ಅವನ ದನಿ ತಗ್ಗಿತು. “ಕೂಸಿಗೆ ಎಂಡ್ತಿ ಇರಾಕಿಲ್ಲ. ನಿನ್ ಬಳೆ ಒಡೆಯಾಕಿಲ್ಲ, ಕುಂಕುಮ ಅಳಿಸಾಕಿಲ್ಲ. ಆದ್ರೆ ಗಂಡ ಓದ ಅಂತ ನೀನು ಬಾಯ್ಬಿಟ್ಟು ಅಳಂಗಿಲ್ಲ. ಈವತ್ತೂ ಇಲ್ಲ, ಮುಂದಕ್ಕೂ ಇಲ್ಲ. ಈಗ ಏಳು. ಹಳೇದ್ ಬಿಚ್ಚಿಸ್ಲಾ, ಹೊಸದ್ ತೋಡಿಸ್ಲಾ?”

ಅಲ್ಲಿಗೆ ಮುಗಿಯಿತು ಅಂದುಕೊಂಡ ಅವನು. ಗಂಡನ ಹೆಣದ ಮುಂದೆ ಅಳುವ ಹಕ್ಕನ್ನು ಯಾವ ಹೆಂಗಸು ತಾನೇ ಬಿಟ್ಟುಕೊಡುತ್ತಾಳೆ?

ಮಂಗಮ್ಮ ಒಳಗೆ ತಿರುಗಿ ನೋಡಿದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಎಲ್ಲರೂ ಸೇರಲಿ, ಹೆಣ ಎತ್ತುವಾಗ ಮನಸ್ಸು ಬಿಚ್ಚಿ ಅಳೋಣ ಅಂತ ಕಟ್ಟಿ ಇಟ್ಟುಕೊಂಡಿದ್ದಳು. ಅಂದು ಅತ್ತದ್ದೆಲ್ಲ ಎಲ್ಲಿಯೋ ಇರುವ ಅಹದನಿಗೆ ಹೋಯಿತು. ಇವನಿಗೆ ಅಂತ ಅವಳ ಹತ್ತಿರ ಉಳಿದದ್ದು ಇದೊಂದೇ. ಕೊಡಲಾರೆ ಅನ್ನಿಸಿತು. ಇದೆಂಥ ನ್ಯಾಯ, ಸತ್ತವರಿಬ್ಬರ ನಡುವೆ ನನ್ನನ್ನು ಹೀಗೆ ನಿಲ್ಲಿಸಿ ಹೋದೆಯಲ್ಲ, ಅಂತ ಗಂಡನ ಮೇಲೆ ಸಿಟ್ಟೂ ಬಂತು. ಮುನಿಶಾಮಮ್ಮ ಸೆರಗು ಎಳೆದು, “ಬ್ಯಾಡ ಕಣೆ ಮಂಗಿ, ಒಪ್ಕಬ್ಯಾಡ, ಎದೆ ಒಡದೋಯ್ತೀಯ,” ಅಂದಳು.

“ಹೊಸದ್ ತೋಡ್ಸಿ ಮಾವ,” ಅಂದಳು ಮಂಗಮ್ಮ.

ದೊಡ್ಡವೆಂಕಟಪ್ಪ, ಆ ಗುಂಡಿಯಲ್ಲಿ ಏನೈತಮ್ಮ ಅಂತ ಕೇಳುವವನ ಹಾಗೆ ತುಟಿ ತೆರೆದು, ಕೇಳದೆ ಮುಚ್ಚಿದ. ಆಮೇಲೆ ಕೋಲೂರಿ ಎದ್ದು, ತಾನೇ ಹೋಗಿ ಚಟ್ಟದ ಹುರಿಯನ್ನು ಬಿಚ್ಚಿದ. ತಮಟೆಯವರಿಗೆ ಕೈ ಸನ್ನೆ ಮಾಡಿದ. ಅವರು ಬೆಂಕಿಗೆ ಕಾಯಿಸುತ್ತಿದ್ದ ತಮಟೆಗಳನ್ನು ಎತ್ತಿಕೊಂಡು ಬೇಲಿಯ ಆಚೆ ಹೋಗಿ ಕೂತರು.

ಕದಿರಪ್ಪ ಹಳೆಯದಕ್ಕೆ ಎರಡು ಮಾರು ದೂರದಲ್ಲಿ ಹೊಸ ಗುಂಡಿ ತೋಡಿ ಮುಗಿಸಿದ್ದು ಹೊತ್ತು ಇಳಿಮುಖವಾದ ಮೇಲೆ.

“ಎತ್ಕಂಡೋಗೋರ್ಯಾರು?” ಅಂತ ಯಜಮಾನ ಕೇಳಿದ. ಕೂಸನ್ನು ಅಪ್ಪ ಎತ್ತಬೇಕು, ಇಲ್ಲದಿದ್ದರೆ ಸೋದರಮಾವ. ಇವನಿಗೆ ಇಬ್ಬರೂ ಇರಲಿಲ್ಲ. ಸೀನಪ್ಪ ತಲೆ ತಗ್ಗಿಸಿದ. ದಾಯಾದಿಗಳು ಒಬ್ಬರ ಹಿಂದೆ ಒಬ್ಬರು ಸರಿದರು. ನಾಲ್ಕು ಹೆಗಲಿಗೆ ಹಂಚಿಕೊಂಡರೆ ಹೆಣ ಹೆಣವೇ, ಒಬ್ಬನೇ ತೋಳಿಗೆ ತೆಗೆದುಕೊಳ್ಳುವುದು ಬೇರೆ.

“ನಾನ್ ಎತ್ತುತೀನಿ,” ಅಂದ ಆರುಮುಗಂ ಎದ್ದು ನಿಂತು.

“ಅವ್ನು ಬ್ಯಾರೆ ಜನ,” ಅಂದರು ಯಾರೋ ಮೆಲ್ಲಗೆ.

“ಕೂಸಿಗೆ ಎಂಥ ಜನ?” ಅಂದ ದೊಡ್ಡವೆಂಕಟಪ್ಪ. “ಎತ್ಕಳಪ್ಪ.”

ಆರುಮುಗಂ ಒಳಗೆ ಬಂದು ಮಂಡಿಯೂರಿದ. ಒಂದು ತೋಳನ್ನು ಬೆನ್ನ ಕೆಳಗೆ, ಇನ್ನೊಂದನ್ನು ಮೊಣಕಾಲ ಕೆಳಗೆ ತೂರಿಸಿ ಎತ್ತಿದ. ಭಾರಕ್ಕೆ ಸಜ್ಜಾಗಿ ಉಸಿರು ಕಟ್ಟಿದ್ದವನು, ಎತ್ತಿದ ಮೇಲೆ ಆ ಉಸಿರನ್ನು ಹಾಗೆಯೇ ಬಿಟ್ಟ. “ಭಾರ ಒಂದೂ ಇಲ್ಲ ಅಕ್ಕಾ. ಒಂದೂ ಇಲ್ಲ,” ಅಂದ. ಅವನ ಕಣ್ಣಲ್ಲಿ ನೀರು ಬಂತು. ಅವನು ಅಳಬಹುದಾಗಿತ್ತು, ಅವನಿಗೆ ತಡೆಯಿರಲಿಲ್ಲ.

ಹೊರಟರು. ಮುಂದೆ ಬೆಂಕಿಯ ಮಡಕೆಯಿಲ್ಲ, ಹಿಂದೆ ಪುರಿ ಚೆಲ್ಲುವವರಿಲ್ಲ. ಬಾಗಿಲುಗಳಿಗೆ ಬಂದ ಹೆಂಗಸರು ಅಳಬೇಕೋ ಬೇಡವೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ಮಂಗಮ್ಮ ಹಿಂದೆ ಹೊರಟಾಗ, ನೀನು ಯಾರಾಗಿ ಬರುತ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಯಜಮಾನ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಊರ ಬಾಗಿಲು ದಾಟಿ, ರಾಗಿಯ ಹೊಲದ ಬದು ಹತ್ತುವಾಗ ಆರುಮುಗಂನ ಕಾಲು ಒಂದು ಕಡೆ ತಗ್ಗಿಗೆ ಇಳಿಯಿತು. ಅವನ ಭುಜದ ಮೇಲಿದ್ದ ತಲೆ ಜಾರಿ ಹಿಂದಕ್ಕೆ ವಾಲಿತು. ಮಂಗಮ್ಮ ಎರಡು ಹೆಜ್ಜೆ ಓಡಿ ಬಂದು, ಎಳೆಗೂಸಿನ ಕತ್ತಿಗೆ ಕೈ ಕೊಡುವ ಹಾಗೆ ಅಂಗೈಯನ್ನು ಗಂಡನ ಕತ್ತಿನ ಕೆಳಗೆ ಇಟ್ಟಳು. ಆಮೇಲೆ ತೆಗೆಯಲಿಲ್ಲ. ಬಾಯಿ ಬಿಗಿದುಕೊಂಡು, ಆರುಮುಗಂನ ಹೆಜ್ಜೆಗೆ ಹೆಜ್ಜೆ ಸೇರಿಸಿಕೊಂಡು ನಡೆದಳು. ತಮಟೆಯಿಲ್ಲದ ಆ ದಾರಿಯಲ್ಲಿ ಅವಳ ಕೈಬಳೆಗಳು ಹೊಂಗೆಯ ಮರದವರೆಗೂ ಸದ್ದು ಮಾಡುತ್ತಲೇ ಹೋದವು.